ಚಳ್ಳಕೆರೆ ಶೇಂಗಾ ಎಣ್ಣೆ ಮಿಲ್: ಪಾಲುದಾರಿಕೆಯೋ, ಎಲ್‌ಎಲ್‌ಪಿಯೋ, ಬರೀ ವಿಲ್ ಸಾಕೋ?

ಹಿಂಡಿ_ಚೀಲ (ಪ್ರಶ್ನೆ)

ಚಳ್ಳಕೆರೆ ಹತ್ತಿರ ಶೇಂಗಾ ಎಣ್ಣೆ ಮಿಲ್. ಮೂರು ಎಕ್ಸ್‌ಪೆಲ್ಲರ್, ಒಂದು ಫಿಲ್ಟರ್ ಪ್ರೆಸ್. ಎಲ್ಲಾ ಅಪ್ಪನ ಒಬ್ಬರ ಹೆಸರಲ್ಲಿ, ಪ್ರೊಪ್ರೈಟರ್‌ಶಿಪ್. ಅಪ್ಪನಿಗೆ 66. ವಹಿವಾಟು ವರ್ಷಕ್ಕೆ 4.2 ಕೋಟಿ. ಸಿಸಿ ಲಿಮಿಟ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) 60 ಲಕ್ಷ, ಅದಕ್ಕೆ ಮಿಲ್ ಜಾಗವೇ ಅಡಮಾನ. ಜಾಗ 1 ಎಕರೆ 10 ಗುಂಟೆ, ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆ, 1998ರಲ್ಲಿ ಅಪ್ಪನ ಹೆಸರಿಗೆ ಕ್ರಯ. ಜಿಎಸ್‌ಟಿ ಲೆಡ್ಜರ್‌ನಲ್ಲಿ ಐಟಿಸಿ (ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್) 5.8 ಲಕ್ಷ ಕೂತಿದೆ. 15 ಕೆಜಿ ಡಬ್ಬದ ಮೇಲೆ ನಮ್ಮದೇ ಬ್ರಾಂಡ್ ಹೆಸರು, ಟ್ರೇಡ್‌ಮಾರ್ಕ್ ಮಾಡಿಸಿಲ್ಲ.

ಮನೆಯಲ್ಲಿ ಅಪ್ಪ, ಅಮ್ಮ, ಮೂವರು ಮಕ್ಕಳು. ಮಿಲ್ ನೋಡಿಕೊಳ್ಳುವುದು ಹಿರಿಮಗನಾದ ನಾನು. ತಂಗಿ ಮದುವೆಯಾಗಿ ದಾವಣಗೆರೆಯಲ್ಲಿ, ತಮ್ಮ ಬೆಂಗಳೂರಲ್ಲಿ ನೌಕರಿ. ಯಾವ ರೂಪಕ್ಕೆ ಬದಲಾಯಿಸಬೇಕು, ಯಾವುದನ್ನು ಮೊದಲು ಮಾಡಬೇಕು, ಯಾವ ಕೆಲಸಕ್ಕೆ ವಕೀಲರು, ಯಾವುದಕ್ಕೆ ಆಡಿಟರ್? ಒಂದು ವಿಲ್ ಬರೆದರೆ ಸಾಕು ಅನ್ನುವವರೂ ಇದ್ದಾರೆ.

ಖಾತೆ_ಕಿರ್ದಿ

ಬರೀ ವಿಲ್ ಸಾಲದು. ವಿಲ್ ಆಸ್ತಿಯನ್ನು ದಾಟಿಸುತ್ತದೆ, ಓಡುತ್ತಿರುವ ವ್ಯಾಪಾರವನ್ನಲ್ಲ. ಪ್ರೊಪ್ರೈಟರ್‌ಶಿಪ್‌ನಲ್ಲಿ ಅಪ್ಪ ಬೇರೆ, ಮಿಲ್ ಬೇರೆ ಅಲ್ಲ. ಪ್ಯಾನ್ ಅವರದು, ಆ ಪ್ಯಾನ್ ಮೇಲೆ ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ಯಮದ ನೋಂದಣಿ), ಸಿಸಿ ಖಾತೆ ಎಲ್ಲ ನಿಂತಿವೆ. ಅವರು ತೀರಿಕೊಂಡ ದಿನ ಸಿಸಿ ಖಾತೆಯ ಚೆಕ್ ನಡೆಯುವುದಿಲ್ಲ, ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಹಾಕಲು ಹಕ್ಕಿರುವ ನೋಂದಣಿ ಯಾರ ಕೈಯಲ್ಲೂ ಇರುವುದಿಲ್ಲ. ಲೋಡ್ ಆದ ಲಾರಿ ಗೇಟಲ್ಲೇ ನಿಲ್ಲುತ್ತದೆ. ಆಗಲೂ ಐಟಿಸಿ ಹಾಳಾಗುವುದಿಲ್ಲ, 2019ರ ಮಾರ್ಚ್ 28ರ 96ನೇ ಜಿಎಸ್‌ಟಿ ಸುತ್ತೋಲೆ ಪ್ರಕಾರ ವ್ಯಾಪಾರ ಮುಂದುವರಿಸುವ ವಾರಸುದಾರ ಹೊಸ ನೋಂದಣಿ ಪಡೆದು ಐಟಿಸಿ-02 ಫಾರಂನಲ್ಲಿ ಎಳೆದುಕೊಳ್ಳಬಹುದು. ಆದರೆ "ಮುಂದುವರಿಸುವ ವಾರಸುದಾರ" ಯಾರು ಅಂತ ಮನೆಯಲ್ಲಿ ತೀರ್ಮಾನವಾಗಬೇಕಲ್ಲ, ಅಲ್ಲೇ ತಿಂಗಳುಗಟ್ಟಲೆ ಹೋಗುವುದು.

ನಿಮ್ಮ ಗಾತ್ರಕ್ಕೆ ನನ್ನ ಆಯ್ಕೆ ಎಲ್‌ಎಲ್‌ಪಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ನೋಂದಾಯಿತ ಪಾಲುದಾರಿಕೆ. ಪಾಲುದಾರಿಕೆ ಸಂಸ್ಥೆಗೂ ಎಲ್‌ಎಲ್‌ಪಿಗೂ ಆದಾಯ ತೆರಿಗೆ ಒಂದೇ: 30%, ಮೇಲೆ 4% ಸೆಸ್, ಒಟ್ಟು 31.2%. ಸರ್ಚಾರ್ಜ್ ನಿಮ್ಮ ಮಟ್ಟಕ್ಕೆ ಬರುವುದಿಲ್ಲ. ಪಾಲುದಾರರ ಬಂಡವಾಳಕ್ಕೆ 12% ತನಕ ಬಡ್ಡಿ, ದುಡಿಯುವ ಪಾಲುದಾರರಿಗೆ ಸಂಬಳ ಕಳೆದ ಮೇಲೆ ಉಳಿದದ್ದಕ್ಕೆ ತೆರಿಗೆ. ಸಂಬಳದ ಮಿತಿ: ಪುಸ್ತಕ ಲಾಭದ (ಈ ಸಂಬಳ ಕಳೆಯುವ ಮುಂಚಿನ ಲಾಭದ) ಮೊದಲ 6 ಲಕ್ಷಕ್ಕೆ 90% ಅಥವಾ 3 ಲಕ್ಷ, ಯಾವುದು ಹೆಚ್ಚೋ ಅದು. ಅದರ ಮೇಲಿನದಕ್ಕೆ 60%. 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ 10% ಟಿಡಿಎಸ್ ಹಿಡಿಯಬೇಕು. ಇದನ್ನು ಸುಮಾರು ಜನ ಮರೆಯುತ್ತಾರೆ.

ಎಲ್‌ಎಲ್‌ಪಿಯ ಹೆಚ್ಚುವರಿ ಭಾರ ಇಷ್ಟೇ: ಮೇ 30ರೊಳಗೆ ಫಾರಂ 11 (ವಾರ್ಷಿಕ ವಿವರ), ಅಕ್ಟೋಬರ್ 30ರೊಳಗೆ ಫಾರಂ 8 (ಲೆಕ್ಕಪತ್ರ), ವಹಿವಾಟು 40 ಲಕ್ಷ ದಾಟಿದ್ದರಿಂದ ಆಡಿಟ್ ಕಡ್ಡಾಯ.

ಒಂದು ತಪ್ಪು ಕಲ್ಪನೆ ಇಲ್ಲೇ ತೆಗೆದುಬಿಡಿ. ಪ್ರೊಪ್ರೈಟರ್‌ಶಿಪ್ಪನ್ನು ಎಲ್‌ಎಲ್‌ಪಿಯಾಗಿ "ಕನ್ವರ್ಟ್" ಮಾಡುವ ಫಾರಂ ಇಲ್ಲ. ಆ ದಾರಿ ಇರುವುದು ಪಾಲುದಾರಿಕೆ ಸಂಸ್ಥೆ ಮತ್ತು ಕಂಪನಿಗಳಿಗೆ. ನೀವು ಹೊಸ ಎಲ್‌ಎಲ್‌ಪಿ ಹುಟ್ಟಿಸಿ, ಅಪ್ಪನ ವ್ಯಾಪಾರವನ್ನು ನಡೆಯುತ್ತಿರುವ ಸ್ಥಿತಿಯಲ್ಲೇ ಇಡಿಯಾಗಿ ಅದಕ್ಕೆ ವರ್ಗಾಯಿಸಬೇಕು. ಹೀಗೆ ಇಡಿಯಾಗಿ ಕೊಟ್ಟರೆ ವರ್ಗಾವಣೆಗೆ ಜಿಎಸ್‌ಟಿ ಇಲ್ಲ. ಯಂತ್ರ, ದಾಸ್ತಾನು ಅಪ್ಪನ ಬಂಡವಾಳವಾಗಿ ಪುಸ್ತಕ ಬೆಲೆಗೆ ಬರಲಿ. 1961ರ ಆದಾಯ ತೆರಿಗೆ ಕಾಯ್ದೆಯ 45(3)ರಂತೆ, ಹೊಸ ಪುಸ್ತಕದಲ್ಲಿ ಬರೆದ ಬೆಲೆಯೇ ಅವರಿಗೆ ಬಂದ ಬೆಲೆ ಎಂದು ಲೆಕ್ಕ, ಹೆಚ್ಚು ಬರೆದರೆ ಹೆಚ್ಚು ಲಾಭ ತೋರಿಸಿದಂತೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ ಕಲಂ ಸಂಖ್ಯೆಗಳು ಬೇರೆ, ಆಡಿಟರ್ ಹತ್ತಿರ ಹೊಸ ಸಂಖ್ಯೆ ಹಾಕಿಸಿ.

ಜಾಗವನ್ನು ಮಾತ್ರ ಎಲ್‌ಎಲ್‌ಪಿಗೆ ಹಾಕಬೇಡಿ. ಅದು ಅಪ್ಪನ ಹೆಸರಲ್ಲೇ ಇರಲಿ, ಎಲ್‌ಎಲ್‌ಪಿ ಅವರಿಗೆ ಬಾಡಿಗೆ ಕಟ್ಟಲಿ.

ದುರ್ಗದ_ದಾವೆ

ಮೇಲಿನದು ಸರಿ. ತೆರಿಗೆಗಿಂತ ಮೊದಲು ನೋಡಬೇಕಾದ್ದು 1998ರ ಕ್ರಯಪತ್ರ. ಆ ದುಡ್ಡು ಎಲ್ಲಿಂದ ಬಂತು? ಅಪ್ಪನ ಸ್ವಂತ ದುಡಿಮೆ, ಸಾಲ ಅಂದರೆ ಸ್ವಯಾರ್ಜಿತ, ವಿಲ್‌ನಲ್ಲಿ ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತ ಹೊಲ ಮಾರಿದ ದುಡ್ಡಲ್ಲಿ ಕೊಂಡದ್ದಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂಬ ವಾದ ಬರುತ್ತದೆ, ಮಗಳಿಗೂ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಈ ಹಕ್ಕು 1994ರ ತಿದ್ದುಪಡಿಯಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. 2005ಕ್ಕೆ ಮುಂಚೆ ಮದುವೆಯಾಗಿದ್ದರೂ, ತಂದೆ ತೀರಿಕೊಂಡಿದ್ದರೂ ಹಕ್ಕು ಇದ್ದೇ ಇದೆ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕ್ರಯಪತ್ರದ ಒಕ್ಕಣೆ, ಆಗಿನ ಬ್ಯಾಂಕ್ ಸಾಲದ ಕಾಗದ, ಅದೇ ವರ್ಷ ಹೊಲ ಮಾರಿದ್ದರೆ ಅದರ ಪತ್ರ, ಕಾವೇರಿ (ನೋಂದಣಿ ಇಲಾಖೆಯ ಜಾಲತಾಣ) ಮೂಲಕ ಇ.ಸಿ. (ಋಣಭಾರ ಪತ್ರ) — ಇವನ್ನು ಒಟ್ಟಿಗೆ ಕಟ್ಟಿ ವಕೀಲರಿಗೆ ತೋರಿಸಿ.

ವಿಲ್ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಕಲಂ 8ರಂತೆ ಅಮ್ಮ, ಮೂವರು ಮಕ್ಕಳು, ತಲಾ ಕಾಲು ಭಾಗ. ಅಪ್ಪನ ತಾಯಿ ಬದುಕಿದ್ದರೆ ಐದು ಭಾಗ. ಮಿಲ್ಲಲ್ಲಿ ಬೆವರು ಸುರಿಸಿದವರಿಗೆ ಎಂದು ಕಾನೂನು ಒಂದು ಬಿಂದಿಗೆ ಹೆಚ್ಚು ಕೊಡುವುದಿಲ್ಲ.

ವಿಲ್ ಬರೆಯುವಾಗ ಎಡವುವ ಜಾಗಗಳು. ಇಬ್ಬರು ಸಾಕ್ಷಿ ಬೇಕು, ಅಪ್ಪ ಸಹಿ ಹಾಕಿದ್ದನ್ನು ಅಥವಾ ತಾನೇ ಸಹಿ ಹಾಕಿದ್ದು ಎಂದು ಅವರು ಒಪ್ಪಿದ್ದನ್ನು ಅವರಿಬ್ಬರೂ ಕಂಡಿರಬೇಕು, ಅವರೂ ಅಪ್ಪನ ಎದುರೇ ಸಹಿ ಹಾಕಬೇಕು. ಮುಂದೆ ದಾವೆ ಬಂದರೆ ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬಂದು ಹೇಳಬೇಕು. ಆದ್ದರಿಂದ ಅಪ್ಪನ ವಯಸ್ಸಿನ ಗೆಳೆಯರನ್ನೇ ಇಬ್ಬರನ್ನೂ ಹಾಕಬೇಡಿ, ಒಬ್ಬರಾದರೂ ನಲವತ್ತರ ಆಸುಪಾಸಿನವರಿರಲಿ. ಆಸ್ತಿ ಪಡೆಯುವವರು, ಅವರ ಗಂಡ-ಹೆಂಡತಿ ಸಾಕ್ಷಿ ಹಾಕಬಾರದು. ಅನುಮಾನಕ್ಕೆ ಅದೇ ಮೊದಲ ದಾರಿ. ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ನಮ್ಮ ಕಡೆ ಪ್ರೊಬೇಟ್ (ವಿಲ್‌ಗೆ ಕೋರ್ಟಿನ ದೃಢೀಕರಣ) ಕಡ್ಡಾಯವಲ್ಲ.

ತಂಗಿಯ ಕೈಲಿ 100 ರೂಪಾಯಿ ಛಾಪಾ ಕಾಗದದಲ್ಲಿ "ನನಗೇನೂ ಬೇಡ" ಎಂದು ಬರೆಸಿಕೊಳ್ಳುವ ಯೋಚನೆ ಯಾರಾದರೂ ಕೊಟ್ಟರೆ ಕೈಬಿಡಿ. ಸ್ಥಿರಾಸ್ತಿಯ ಹಕ್ಕು ಬಿಡುವುದು ನೋಂದಾಯಿತ ಪತ್ರದಲ್ಲೇ ಆಗಬೇಕು. ಅಪ್ಪ ಬದುಕಿರುವಾಗ, ಅವರ ಸ್ವಯಾರ್ಜಿತದಲ್ಲಿ, ತಂಗಿಗೆ ಬಿಟ್ಟುಕೊಡಲು ಹಕ್ಕೇ ಹುಟ್ಟಿರುವುದಿಲ್ಲ.

ಜನರಲ್ ಪವರ್ ಆಫ್ ಅಟಾರ್ನಿಯೂ ಉತ್ತರಾಧಿಕಾರದ ಸಾಧನವಲ್ಲ. ಕೊಟ್ಟವರು ತೀರಿಕೊಂಡರೆ ಅಂದೇ ಮುಗಿಯಿತು. ಬುದ್ಧಿ ಸ್ಥಿಮಿತ ತಪ್ಪಿದರೂ ಮುಗಿಯಿತು. ಅಂದರೆ ಬೇಕೇ ಬೇಕಾದ ಹೊತ್ತಿಗೆ ಅದು ಕೈಕೊಡುತ್ತದೆ.

ಇನ್ನು ಸಂಸ್ಥೆ. ಯಾವ ಕಾರಣಕ್ಕಾದರೂ ಸಾದಾ ಪಾಲುದಾರಿಕೆಗೆ ಹೋದರೆ ಅಪ್ಪ-ಮಗ ಇಬ್ಬರೇ ಬೇಡ. 1932ರ ಪಾಲುದಾರಿಕೆ ಕಾಯ್ದೆ ಕಲಂ 42ರಂತೆ ಪಾಲುದಾರ ಸತ್ತರೆ ಸಂಸ್ಥೆ ವಿಸರ್ಜನೆ, ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಮಾತ್ರ ಮುಂದುವರಿಕೆ. ಇಬ್ಬರೇ ಇದ್ದರೆ ಹಾಗೆ ಬರೆದರೂ ನಿಲ್ಲುವುದಿಲ್ಲ, ಒಬ್ಬನೇ ಉಳಿದ ಮೇಲೆ ಪಾಲುದಾರಿಕೆ ಎಲ್ಲಿಯದು? ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ 1965ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮೂರನೆಯವರಾಗಿ ಅಮ್ಮನನ್ನೋ ತಂಗಿಯನ್ನೋ ಸೇರಿಸಿ. ಜಿಲ್ಲಾ ನೋಂದಣಾಧಿಕಾರಿ ಹತ್ತಿರ ನೋಂದಾಯಿಸದ ಸಂಸ್ಥೆ ಕಲಂ 69ರಂತೆ ಬಾಕಿ ವಸೂಲಿ ದಾವೆ ಹಾಕಲಾಗದು. ಬಳ್ಳಾರಿ ವ್ಯಾಪಾರಿ ಎಣ್ಣೆ ದುಡ್ಡು ಕೊಡದಿದ್ದರೆ ಮುಖ ನೋಡಿಕೊಂಡು ಕೂರಬೇಕಷ್ಟೆ.

ಎಲ್‌ಎಲ್‌ಪಿಯಲ್ಲಿ ಸಾವಿನಿಂದ ಸಂಸ್ಥೆ ಸಾಯುವುದಿಲ್ಲ. ಆದರೆ ಪಾಲುದಾರರು ಎರಡಕ್ಕಿಂತ ಕಡಿಮೆಯಾಗಿ ಆರು ತಿಂಗಳು ದಾಟಿದರೆ ಉಳಿದೊಬ್ಬರು ಆ ಅವಧಿಯ ಸಾಲಕ್ಕೆ ಸ್ವಂತವಾಗಿ ಹೊಣೆ. ಮತ್ತೆ, ವಾರಸುದಾರರಿಗೆ ಸಿಗುವುದು ಸತ್ತವರ ಬಂಡವಾಳ ಮತ್ತು ಕೂಡಿಬಿದ್ದ ಲಾಭದ ಪಾಲು. ಆಡಳಿತದ ಕುರ್ಚಿ ತಾನಾಗಿ ಬರುವುದಿಲ್ಲ. ಹಾಗಾಗಿ ಒಪ್ಪಂದದಲ್ಲಿ ಇವು ಇರಲೇಬೇಕು: ಅಪ್ಪನ ಜಾಗಕ್ಕೆ ಯಾರು ಬರುತ್ತಾರೆ, ಬಾರದವರ ಪಾಲಿನ ಬೆಲೆ ಕಟ್ಟುವುದು ಹೇಗೆ, ಆ ಹಣ ಎಷ್ಟು ಕಂತಲ್ಲಿ.

ಬೆಲೆಗೆ "ಮಾರುಕಟ್ಟೆ ದರದಂತೆ" ಎಂದು ಬರೆದು ಬಿಡುವ ಕರಡುಗಳನ್ನು ನಂಬಬೇಡಿ. ಜಗಳ ಹುಟ್ಟುವುದೇ ಆ ಎರಡು ಪದದಿಂದ. ಲೆಕ್ಕದ ದಾರಿ ಬರೆಯಿರಿ, ಉದಾಹರಣೆಗೆ: ಹಿಂದಿನ ಮಾರ್ಚ್ 31ರ ಬಂಡವಾಳ ಖಾತೆ, ಅದರ ಮೇಲೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಎರಡು ಪಟ್ಟಿನಲ್ಲಿ ಅವರ ಪಾಲು. ಕಾಲು ಭಾಗ 90 ದಿನದಲ್ಲಿ, ಉಳಿದದ್ದು 12 ತ್ರೈಮಾಸಿಕ ಕಂತು, ಇಂತಿಷ್ಟು ಬಡ್ಡಿ. ಕಂತು ಬರೆಯದಿದ್ದರೆ ಪೂರ್ತಿ ಹಣ ಒಂದೇ ಸಲ ಕೇಳುತ್ತಾರೆ. ಶೇಂಗಾ ಸುಗ್ಗಿಯಲ್ಲಿ ಸಿಸಿ ತುಂಬಿರುವಾಗ ಎಲ್ಲಿಂದ ತರುತ್ತೀರಿ?

ಹಿಂಡಿ_ಚೀಲ

ಜಾಗ ಸ್ವಯಾರ್ಜಿತವೇ, ಸಾಲದ ಕಾಗದ ಇದೆ. ಎರಡು ಸಂಶಯ. ಅಪ್ಪನಿಗೆ ಹಿಡಿತ ಹೋಗುತ್ತದೆ ಎಂಬ ಭಯ. ತಂಗಿಗೆ ಮಿಲ್ ಕೆಲಸ ಬೇಡ, ನ್ಯಾಯವಾದ ಪಾಲು ಸಿಕ್ಕರೆ ಸಾಕು.

ದುರ್ಗದ_ದಾವೆ

ಹಿಡಿತ ಬೇರೆ, ಲಾಭ ಬೇರೆ, ಜಾಗ ಬೇರೆ. ಮೂರನ್ನೂ ಬೇರೆ ಬೇರೆ ಹಂಚಬಹುದು, ಎಲ್‌ಎಲ್‌ಪಿಯ ಅನುಕೂಲವೇ ಅದು. ಅಪ್ಪನಿಗೆ ಲಾಭ 30% ಇದ್ದರೂ ಸಾಲ ಎತ್ತುವುದು, ಯಂತ್ರ ಮಾರುವುದು, ಹೊಸ ಪಾಲುದಾರರ ಸೇರ್ಪಡೆ — ಈ ಮೂರಕ್ಕೆ ಅವರ ಲಿಖಿತ ಒಪ್ಪಿಗೆ ಬೇಕು ಎಂದು ಬರೆಯಬಹುದು. ದಿನದ ಖರೀದಿ, ಮಾರಾಟ ನಿಮಗೆ. ಆ ವಿಶೇಷ ಅಧಿಕಾರ ಅವರ ಜೀವಿತಾವಧಿಗೆ ಮಾತ್ರ ಎಂದೂ, ಇಬ್ಬರು ವೈದ್ಯರು ಅವರಿಗೆ ವ್ಯವಹಾರ ಮಾಡಲಾಗದು ಎಂದು ಬರೆದುಕೊಟ್ಟರೆ ನಿಲ್ಲುತ್ತದೆ ಎಂದೂ ಸೇರಿಸಿ. ಪಾರ್ಶ್ವವಾಯು ಆದ ಮೇಲೆ ಸಹಿ ಯಾರದು ಎಂಬ ಪ್ರಶ್ನೆ ಸಾವಿಗಿಂತ ಕಷ್ಟದ್ದು.

ತಂಗಿಗೆ ಜಾಗದಲ್ಲಿ ಕೊಡಿ. ಮಿಲ್ ವ್ಯಾಪಾರ ನಿಮಗೆ ಹೆಚ್ಚು, ಜಾಗ ವಿಲ್ ಮೂಲಕ ಮೂವರಿಗೂ, ಅಮ್ಮನಿಗೆ ಜೀವಿತಾವಧಿ ಬಾಡಿಗೆ. ಆದರೆ ಒಂದು ಬಿಟ್ಟರೆ ಇಡೀ ಯೋಜನೆ ಕುಸಿಯುತ್ತದೆ: ಅಪ್ಪ ಇರುವಾಗಲೇ ಎಲ್‌ಎಲ್‌ಪಿ ಹೆಸರಿಗೆ ನೋಂದಾಯಿತ ದೀರ್ಘ ಲೀಸ್. ಒಂದು ವರ್ಷಕ್ಕೆ ಮೀರಿದ ಲೀಸ್ ನೋಂದಾಯಿಸಲೇಬೇಕು. ಇಲ್ಲದಿದ್ದರೆ ನಾಳೆ ಜಾಗದ ಮೂರು ಮಾಲೀಕರಲ್ಲಿ ಒಬ್ಬರು ಪಾಲು ವಿಭಾಗದ ದಾವೆ ಹಾಕಿದರೆ ಎಕ್ಸ್‌ಪೆಲ್ಲರ್ ನಿಂತ ಶೆಡ್ಡೇ ವ್ಯಾಜ್ಯ. ಲೀಸ್‌ನಲ್ಲಿ ನವೀಕರಣದ ಹಕ್ಕು, ಬಾಡಿಗೆ ಎಷ್ಟು ವರ್ಷಕ್ಕೆ ಎಷ್ಟು ಏರಿಕೆ, ಜಾಗ ಮಾರುವುದಾದರೆ ಮಿಲ್‌ಗೆ ಮೊದಲ ಖರೀದಿ ಹಕ್ಕು ಬರೆಸಿ. ಜಾಗ ಅಡಮಾನದಲ್ಲಿರುವುದರಿಂದ ಬ್ಯಾಂಕಿನ ಲಿಖಿತ ಒಪ್ಪಿಗೆ ಮೊದಲು.

ಈಗಲೇ ದಾನಪತ್ರ ಮಾಡುವ ಆತುರ ಬೇಡ. ದಾನ ಹಿಂದಕ್ಕೆ ಬರುವುದಿಲ್ಲ, ವಿಲ್ಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮಾಡಲೇಬೇಕಾದರೆ ತಂದೆ-ತಾಯಿಯ ಪಾಲನೆಯ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆ ಕಲಂ 23ರಡಿ ಅದನ್ನು ರದ್ದು ಮಾಡಿಸಲು ಆ ಷರತ್ತೇ ಆಧಾರ.

ತಂಗಿಗೆ ಬೇರೆ ವಕೀಲರು ಒಮ್ಮೆ ಕರಡು ಓದಿ ಹೇಳಲಿ. ಅಪ್ಪನ ವಕೀಲರೇ ಎಲ್ಲರಿಗೂ ಆದರೆ "ನನಗೆ ತಿಳಿಹೇಳಲಿಲ್ಲ" ಎಂಬ ಮಾತು ಹತ್ತು ವರ್ಷದ ಮೇಲೆ ಬರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, 15100ಕ್ಕೆ ಕರೆ ಮಾಡಬಹುದು.

ಷೇರು_ಸಂತೆ

ಪ್ರೈವೇಟ್ ಲಿಮಿಟೆಡ್ ಯಾಕೆ ಯಾರೂ ಹೇಳುತ್ತಿಲ್ಲ? 22% ದರ ಆರಿಸಿಕೊಂಡರೆ ಎಲ್ಲಾ ಸೇರಿ 25.17%. ಪ್ರೊಪ್ರೈಟರ್‌ಶಿಪ್‌ನಿಂದ ಕಂಪನಿಗೆ ಹೋದರೆ, 1961ರ ಆದಾಯ ತೆರಿಗೆ ಕಾಯ್ದೆಯ ಲೆಕ್ಕದಲ್ಲಿ 47(xiv)ರಂತೆ, ಬಂಡವಾಳ ಲಾಭದ ವಿನಾಯಿತಿಯೂ ಇದೆ. ಷೇರು ದಾಟಿಸುವುದು ಸುಲಭ.

ಖಾತೆ_ಕಿರ್ದಿ

ಆ ವಿನಾಯಿತಿಯ ಷರತ್ತು ಪೂರ್ತಿ ಓದಿ. ವ್ಯಾಪಾರದ ಎಲ್ಲ ಆಸ್ತಿ, ಎಲ್ಲ ಹೊಣೆ ಕಂಪನಿಗೆ ಹೋಗಬೇಕು. ಮಿಲ್ ಜಾಗ ವ್ಯಾಪಾರದ ಬ್ಯಾಲೆನ್ಸ್ ಶೀಟ್‌ನಲ್ಲಿದ್ದರೆ ಅದೂ ಹೋಗಬೇಕು, ಅಲ್ಲಿಗೆ ಮುದ್ರಾಂಕ ಶುಲ್ಕದ ಬಿಲ್ಲು. ಪ್ರೊಪ್ರೈಟರ್ ಕೈಯಲ್ಲಿ ಕನಿಷ್ಠ 50% ಮತದ ಷೇರು ಐದು ವರ್ಷ ಇರಬೇಕು. ಉತ್ತರಾಧಿಕಾರಕ್ಕೆಂದು ಮೂರನೇ ವರ್ಷ ಮಗನಿಗೆ ಷೇರು ದಾನ ಮಾಡಿ 50%ಗಿಂತ ಕೆಳಗಿಳಿದರೆ ವಿನಾಯಿತಿ ವಾಪಸ್, ಆ ವರ್ಷ ಕಂಪನಿಗೆ ತೆರಿಗೆ. 66ರ ವಯಸ್ಸಿನವರಿಗೆ ಈ ಗಂಟು ಬೇಡ. ಹೊರಗಿನ ಹೂಡಿಕೆ ಬರುವುದಾದರೆ ಆಗ ಯೋಚಿಸಬಹುದು.

ಷೇರಿಗೆ ನಾಮಿನಿ ಹಾಕಿದರೆ ಮುಗಿಯಿತು ಎಂಬುದೂ ತಪ್ಪು. ನಾಮಿನಿ ಮಾಲೀಕನಲ್ಲ, ವಾರಸುದಾರರ ಪರ ಹಿಡಿದಿಟ್ಟುಕೊಳ್ಳುವವನು ಎಂದು 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬ್ಯಾಂಕ್ ಖಾತೆಗೂ ಅದೇ.

ಬಾಡಿಗೆ ಬಗ್ಗೆ ಒಂದು ಮಾತು. ಅಪ್ಪನ ಹಳೆ ಜಿಎಸ್‌ಟಿ ರದ್ದಾದ ಮೇಲೆ ಅವರು ನೋಂದಣಿ ಇಲ್ಲದ ಮಾಲೀಕ. 2024ರ ಅಕ್ಟೋಬರ್ 10ರಿಂದ ಅಂಥವರ ವಾಣಿಜ್ಯ ಬಾಡಿಗೆ ಮೇಲೆ 18% ಜಿಎಸ್‌ಟಿಯನ್ನು ಬಾಡಿಗೆದಾರರೇ, ಅಂದರೆ ಎಲ್‌ಎಲ್‌ಪಿಯೇ, ನಗದು ಲೆಡ್ಜರ್‌ನಿಂದ ಕಟ್ಟಬೇಕು. ಬಾಡಿಗೆ ತಿಂಗಳಿಗೆ 40,000 ಇಟ್ಟರೆ 7,200, ವರ್ಷಕ್ಕೆ 86,400. ಕ್ರೆಡಿಟ್ ಸಿಗುತ್ತದೆ ನಿಜ. ಆದರೆ ನಿಮ್ಮ ಎಣ್ಣೆಗೆ 5%, ಡಬ್ಬ-ಬಿಡಿಭಾಗಕ್ಕೆ 18%, ಹಾಗಾಗಿ ಕ್ರೆಡಿಟ್ ಪೂರ್ತಿ ಬಳಕೆಯಾಗದೆ ಉಳಿಯುತ್ತದೆ, ಮೇಲಾಗಿ ಖಾದ್ಯ ತೈಲಕ್ಕೆ ಇಂಥ ಕ್ರೆಡಿಟ್‌ನ ರಿಫಂಡ್ 2022ರ ಜುಲೈ 18ರಿಂದ ಬಂದ್. ಈಗಾಗಲೇ 5.8 ಲಕ್ಷ ಕೂತಿರುವ ಕಡೆ ಇನ್ನಷ್ಟು ಕೂರುತ್ತದೆ. ಬಾಡಿಗೆಯನ್ನು ಹಿಗ್ಗಿಸಬೇಡಿ. ತಿಂಗಳಿಗೆ 50,000 ದಾಟಿದರೆ 10% ಟಿಡಿಎಸ್ ಕೂಡ.

ಫಿಲ್ಟರ್_ಪ್ರೆಸ್

ಲೈಸೆನ್ಸ್ ಕಡೆ ಯಾರೂ ಬರಲಿಲ್ಲ. ಪ್ಯಾನ್ ಬದಲಾದರೆ ಇವೆಲ್ಲ ಹೊಸದು: ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ಲೈಸೆನ್ಸ್, ಎಪಿಎಂಸಿ ವರ್ತಕರ ಲೈಸೆನ್ಸ್, ಉದ್ಯಮ್, ಪ್ಯಾಕ್ ಮಾಡುವವರ ಕಾನೂನು ಮಾಪನ ನೋಂದಣಿ. ಹೆಸರು ಬದಲಾವಣೆ ಆಗಬೇಕಾದ್ದು: ಬೆಸ್ಕಾಂ ಸಂಪರ್ಕ ಮತ್ತು ಠೇವಣಿ, ಮಾಲಿನ್ಯ ಮಂಡಳಿ ಸಮ್ಮತಿ, ಕಾರ್ಖಾನೆ ಲೈಸೆನ್ಸ್ ಇದ್ದರೆ ಅದು, ಗಾಡಿ ಆರ್‌ಸಿ.

ಎಫ್‌ಎಸ್‌ಎಸ್‌ಎಐನಲ್ಲಿ ಮಾಲೀಕ ಸತ್ತರೆ ವಾರಸುದಾರರಿಗೆ 90 ದಿನ ನಡೆಸಲು ಅವಕಾಶವಿದೆ, ಬದುಕಿರುವಾಗ ಸಂಸ್ಥೆ ಬದಲಾಯಿಸಿದರೆ ಆ ಅವಕಾಶ ಇಲ್ಲ. ಹೊಸ ಲೈಸೆನ್ಸ್ ಕೈಗೆ ಬಂದ ಮೇಲೇ ಹೊಸ ಹೆಸರಲ್ಲಿ ತುಂಬಬೇಕು. 14 ಅಂಕಿಯ ನಂಬರ್ ಡಬ್ಬದ ಮೇಲೆ ಅಚ್ಚಾಗಿರುತ್ತದೆ, ಹಾಗಾಗಿ ವರ್ಗಾವಣೆಗೆ ನಾಲ್ಕು ತಿಂಗಳು ಇರುವಾಗಲೇ ಡಬ್ಬದ ದೊಡ್ಡ ಆರ್ಡರ್ ನಿಲ್ಲಿಸಿ.

ಬೆಂಕಿ ವಿಮೆ ಮರೆತವರು ಬಹಳ. ದಾಸ್ತಾನು ಎಲ್‌ಎಲ್‌ಪಿಯದು, ಪಾಲಿಸಿ ಅಪ್ಪನದು ಅಂದರೆ ಕ್ಲೇಮ್ ದಿನ ಸಮೀಕ್ಷಕರು ಕೇಳುವ ಮೊದಲ ಪ್ರಶ್ನೆಯೇ "ಮಾಲು ಯಾರದು?". ವರ್ಗಾವಣೆ ದಿನದಿಂದಲೇ ಹೊಸ ಹೆಸರಲ್ಲಿ ಪಾಲಿಸಿ ಇರಲಿ, ಬ್ಯಾಂಕಿನ ಹೆಸರೂ ಅದರಲ್ಲಿರಲಿ.

ಬ್ರಾಂಡನ್ನು ಈಗಲೇ, ಅಪ್ಪನ ಹೆಸರಲ್ಲೇ ಅರ್ಜಿ ಹಾಕಿ. ಖಾದ್ಯ ತೈಲ 29ನೇ ವರ್ಗ, ನಮ್ಮ ರಾಜ್ಯಕ್ಕೆ ಚೆನ್ನೈ ಕಚೇರಿ, ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಶುಲ್ಕ 4,500. ಎಷ್ಟು ವರ್ಷದಿಂದ ಬಳಕೆ ಎಂಬುದಕ್ಕೆ ಹಳೆ ಬಿಲ್ಲು ಲಗತ್ತಿಸಿ. ಆಮೇಲೆ ಎಲ್‌ಎಲ್‌ಪಿಗೆ ವರ್ಗಾವಣೆ ಪತ್ರ, ಫಾರಂ ಟಿಎಂ-ಪಿ. ಅಪ್ಪನ ಹೆಸರಲ್ಲೇ ಬಿಟ್ಟರೆ ಬ್ರಾಂಡಿಗೂ ನಾಲ್ಕು ವಾರಸುದಾರರು.

ಖಾತೆ_ಕಿರ್ದಿ

ಏಪ್ರಿಲ್ 1 ವರ್ಗಾವಣೆ ದಿನ ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ.

ಡಿಸೆಂಬರ್‌ನಲ್ಲಿ ವಿಲ್, ಎಲ್‌ಎಲ್‌ಪಿ ಕರಡು. ವಿಲ್ ಮೊದಲೇ ಆಗಲಿ, ಎಲ್‌ಎಲ್‌ಪಿ ಮುಗಿಯುವ ತನಕ ಕಾಯಬೇಡಿ. ಆಮೇಲೆ ಇನ್ನೊಮ್ಮೆ ಬರೆದರಾಯಿತು. ಜನವರಿಯಲ್ಲಿ ಡಿಜಿಟಲ್ ಸಹಿ, ಹೆಸರು, ಫಿಲಿಪ್ ಫಾರಂ (ಎಲ್‌ಎಲ್‌ಪಿ ನೋಂದಣಿ ಅರ್ಜಿ). ನೋಂದಣಿಯಾದ 30 ದಿನದೊಳಗೆ ಒಪ್ಪಂದವನ್ನು ಫಾರಂ 3ರಲ್ಲಿ ಹಾಕಬೇಕು. ತಡವಾದರೆ ದಂಡ ಏರುತ್ತಾ ಹೋಗುತ್ತದೆ. ಬ್ಯಾಂಕಿಗೂ ಆಗಲೇ ಅರ್ಜಿ, ಯಾಕೆಂದರೆ ಸಿಸಿ ಲಿಮಿಟ್ ವರ್ಗಾವಣೆ ಅಲ್ಲ, ಹೊಸ ಮಂಜೂರಾತಿ. ಹಳೆ ಸಾಲ ಹೊಸ ಲಿಮಿಟ್‌ನಿಂದ ತೀರಬೇಕು. ಜಾಗ ಅಪ್ಪನದೇ ಆಗಿರುವುದರಿಂದ ಅವರು ಜಾಮೀನುದಾರರಾಗಿ ಸಹಿ ಹಾಕಬೇಕಾಗುತ್ತದೆ. ಅವರು ತೀರಿಕೊಂಡರೆ ಅಲ್ಲಿಯವರೆಗಿನ ಸಾಲಕ್ಕೆ ಅವರ ಆಸ್ತಿ ಹೊಣೆ ಎಂಬುದು ವಿಲ್ ಬರೆಯುವ ವಕೀಲರಿಗೂ ಗೊತ್ತಿರಲಿ. ಸಾಲ ಹೊತ್ತ ಜಾಗದಲ್ಲಿ ತಂಗಿಗೆ ಪಾಲು ಬರೆದರೆ ಆ ಸಾಲ ತೀರಿಸುವುದು ಎಲ್‌ಎಲ್‌ಪಿಯೇ ಎಂದು ಎರಡೂ ಕಾಗದದಲ್ಲಿ ಬರಬೇಕು.

ಮಾರ್ಚ್‌ನಲ್ಲಿ ಎಲ್‌ಎಲ್‌ಪಿಗೆ ಹೊಸ ಜಿಎಸ್‌ಟಿ ಅರ್ಜಿ. ಅದೇ ವಿಳಾಸದಲ್ಲಿ ಹಳೆ ನೋಂದಣಿ ಇರುವುದರಿಂದ ಅಧಿಕಾರಿ ವಿವರಣೆ ಕೇಳಬಹುದು, ಲೀಸ್ ಪತ್ರ ಮತ್ತು ವ್ಯಾಪಾರ ವರ್ಗಾವಣೆ ಒಪ್ಪಂದ ಸಿದ್ಧ ಇರಲಿ. ಆ ಒಪ್ಪಂದದಲ್ಲಿ "ಎಲ್ಲ ಬಾಕಿ-ಹೊಣೆಗಳನ್ನೂ ಎಲ್‌ಎಲ್‌ಪಿ ವಹಿಸಿಕೊಳ್ಳುತ್ತದೆ" ಎಂಬ ಸಾಲು ಇಲ್ಲದಿದ್ದರೆ ಐಟಿಸಿ ದಾಟುವುದಿಲ್ಲ, ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 18(3) ಕೇಳುವುದೇ ಅದನ್ನು. ಮಾರ್ಚ್ 31ರ ರಾತ್ರಿ ಬೀಜ, ಎಣ್ಣೆ, ಹಿಂಡಿ, ಖಾಲಿ ಡಬ್ಬ ಎಣಿಸಿ-ತೂಗಿ ಅಪ್ಪನೂ ನೀವೂ ಸಹಿ ಹಾಕಿ.

ಏಪ್ರಿಲ್‌ನಲ್ಲಿ ಹಳೆ ನೋಂದಣಿಯ ಎಲ್ಲ ರಿಟರ್ನ್ ಮುಗಿಸಿ, ಸಿಎ ಪ್ರಮಾಣಪತ್ರದೊಂದಿಗೆ ಐಟಿಸಿ-02 ಹಾಕಿ. ಎಲ್‌ಎಲ್‌ಪಿ ಲಾಗಿನ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಹಾಕಿದೆವು ಅಂದುಕೊಂಡು ಒಪ್ಪಿಕೊಳ್ಳದೆ ಬಿಟ್ಟರೆ 5.8 ಲಕ್ಷ ಹೊಸ ಲೆಡ್ಜರ್‌ಗೆ ಬರುವುದಿಲ್ಲ. ಕಣ್ಣಾರೆ ಹೊಸ ಲೆಡ್ಜರ್‌ನಲ್ಲಿ ಮೊತ್ತ ನೋಡಿದ ಮೇಲಷ್ಟೇ ಆರ್‌ಇಜಿ-16ರಲ್ಲಿ ಹಳೆಯದನ್ನು ರದ್ದಿಗೆ ಹಾಕಿ. ಕ್ರಮ ತಿರುವುಮುರುವಾದರೆ ದಾಸ್ತಾನಿನ ಮೇಲಿನ ಕ್ರೆಡಿಟ್ ಹಿಂತಿರುಗಿಸುವ ಲೆಕ್ಕ ಶುರುವಾಗುತ್ತದೆ. ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 (ಕೊನೆಯ ರಿಟರ್ನ್). ಹಳೆ ಅವಧಿಯ ತೆರಿಗೆ ಬಾಕಿ ಏನಾದರೂ ಹೊರಬಂದರೆ ಅಪ್ಪ ಮತ್ತು ಎಲ್‌ಎಲ್‌ಪಿ ಇಬ್ಬರೂ ಹೊಣೆ, ಆದ್ದರಿಂದ ಹಳೆ ಲಾಗಿನ್, ಪಾಸ್‌ವರ್ಡ್, ಆ ಮೊಬೈಲ್ ನಂಬರ್ ಮೂರನ್ನೂ ಬಿಸಾಡಬೇಡಿ.